ಮಹಬೂಬ ಚಾಚಾ ಹುಡುಕಿದ ವರ

ನಮ್ಮ ಮನೆಯ ಹಳೆಯ ಆಂಪ್ಲಿಫೈಯರ್ ಇವತ್ತು ಮಧ್ಯಾಹ್ನ ಬಾಯಿ ಬಿಟ್ಟಿತು! ಬಿಡಿಸಿದಾಕಿ ನನ್ನ ಮೊಮ್ಮಗಳು ಸವಿತಾ. ನಮ್ಮೂರು ಮಂಠಾಳದ ತುಂಬ ಹೇಳಿ ಬಂದೀನಿ, ಇನ್ನೂ ಹೊಟ್ಟಿ ತುಂಬವಲ್ದು, ಅದಕ್ಕ ಬರಿಯಾಕತ್ತೀನಿ. ಸಣ್ಣಾಕಿದ್ದಾಗೇ ಸಾಲಿ ಬಿಟ್ಟಾಕಿ ನಾನು. ಅಕ್ಷರ ಸೊಟ್ಟಾದರ ನೀವೇ ನೆಟ್ಟಗ ಮಾಡಿಕೊಂಡು ಓದ್ರಿ. ಆದರ ಸವಿತಾನ ಸುದ್ದಿ ಹೇಳಬೇಕಂದರ ಮೊದಲು ಹುಮನಾಬಾದದ ಮಹಬೂಬ ಚಾಚಾನ ಸುದ್ದಿ ಹೇಳಬೇಕು.

ಚಾಚಾ ಕೆಟ್ಟ ಮಶೀನನ್ನು ಮೊದಲು ಮೂಸಿ ನೋಡುತ್ತಿದ್ದ. ಮಾಣಿಕನಗರದ ರಸ್ತೆಯಲ್ಲಿ ಅವನ ರಿಪೇರಿ ಅಂಗಡಿ, ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು. ನಮ್ಮ ಮನೆಯವರದು ಲಗ್ನಕ್ಕೆ ಬಾಡಿಗೆ ಕೊಡುವ ಮೈಕ್ ಸೆಟ್. ಅದು ಕೆಟ್ಟಾಗೊಮ್ಮೆ ನಾವಿಬ್ಬರೂ ಆಂಪ್ಲಿಫೈಯರನ್ನು ಕೂಸಿನಂಗ ತೊಡಿಮ್ಯಾಲೆ ಇಟ್ಟುಕೊಂಡು ಬಸ್ಸಿಗೆ ಹೋಗೋದು. ಚಾಚಾ ಅದರ ಜಾಳಿಗೆಗೆ ಮೂಗು ಹಚ್ಚಿ, ಹಕೀಮನಂತೆ ಕಣ್ಣು ಮುಚ್ಚಿ ಹೇಳುತ್ತಿದ್ದ: "ಜೀವ ಹೋಗಿಲ್ರಿ. ಜೋಡಿ ಹೋಗ್ಯದ."

ಒಳಗೆ ಟ್ರಾನ್ಸಿಸ್ಟರ್ ಅಂತ ಮೂರು ಕಾಲಿನ ಸಣ್ಣ ಕರಿ ಜೀವಗಳು ಜೋಡಿಯಾಗಿ ಇರತಾವ. ಸುಟ್ಟುಹೋದದ್ದರ ಮೈಮ್ಯಾಲಿದ್ದ ನಂಬರಿನದು ಈಗ ಎಲ್ಲೂ ತಯಾರಾಗೋದಿಲ್ಲ. ಅಷ್ಟೇ ತಾಕತ್ತಿನ ಬೇರೆಯದನ್ನು ಹುಡುಕಿ ಕೂಡಿಸಬೇಕು. ಚಾಚಾ ಇದಕ್ಕೆ ಸೋಯರಿಕಿ ಅನ್ನುತ್ತಿದ್ದ. ಬೀಗತನ ಮಾಡುವವನಂತೆ ಡಬ್ಬಿಯೊಳಗಿಂದ ಒಂದೊಂದೇ ವರ ತೆಗೆದು ಬೆಳಕಿಗೆ ಹಿಡಿದು, ಕಾಲು ನೋಡಿ, ಇವ ಜೋರದಾನ, ಇವಗ ಲಗೂ ಬಿಸಿ ಏರತದ ಅಂತ ಬೈದು ಮತ್ತೆ ಒಳಗೆ ಹಾಕುತ್ತಿದ್ದ. ಒಮ್ಮೆ ನಮ್ಮ ಮನೆಯವರು ಚೇಷ್ಟೆಗೆ, ಜಾತಿ ನೋಡತೀಯೇನು ಚಾಚಾ ಅಂದರು. ಚಾಚಾ ತಲೆ ಎತ್ತದೇ ಅಂದ:

"ಮನುಷ್ಯಾರ ಸೋಯರಿಕಿಗೆ ಜಾತಿ ಬ್ಯಾಡ್ರಿ. ಇವುಕ್ಕ ಬೇಕು. ಇವುರೊಳಗ ಇರೋವು ಎರಡೇ ಜಾತಿ, ತಪ್ಪಿದ್ರ ಮನೀನೇ ಸುಡತದ."

ರಿಪೇರಿ ಆದ ಮೇಲೆ ಉಳಿದವರಂತೆ ಹಲೋ ಹಲೋ ಅನ್ನುವವನಲ್ಲ ಅವ. ಮನಿ ಮಂದಿ ದನಿ ಬಂದರೇ ಮಶೀನ್ ಬದುಕಿದ್ದು ಅನ್ನೋದು ಅವನ ಲೆಕ್ಕ. ಒಂದು ಸಲ ಮೈಕು ನನ್ನ ಕೈಗೇ ಕೊಟ್ಟ. ನನಗೇನು ಗೊತ್ತು? ಬಾಯಾಗ ಇದ್ದದ್ದೇ ಬಂತು: "ನಡೀರಿ, ಬಸ್ ತಪ್ಪತದ!" ರಸ್ತೆಯೆಲ್ಲ ಕೇಳಿತು. ಆ ಕಡೆ ನಿಂತ ಕಂಡಕ್ಟರ್, ಇನ್ನೂ ಚಹಾ ಕುಡಿಯಾಕತ್ತೇನಿ, ನಿಂತು ಬರ್ರಿ ಅಕ್ಕಾ ಅಂತ ಕೂಗಿದ. ಚಾಚಾ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡ.

ನಮ್ಮ ಮನೆಯವರು ತೀರಿಕೊಂಡ ಮೇಲೆ ಅದು ಮತ್ತೆ ಸುಟ್ಟಿತು. ಚಾಚಾ ಬಹಳ ದಿನ ಇಟ್ಟುಕೊಂಡ. ಕಡೆಗೆ ನಾನು ಹೋದಾಗ ಒರೆಸಿ, ಬಟ್ಟೆ ಸುತ್ತಿ ಕೈಗಿಟ್ಟ. "ಜೋಡಿ ಸಿಗಲಿಲ್ರಿ ಅಕ್ಕಾ. ಗುಜರಿಗೆ ಹಾಕಬ್ಯಾಡ್ರಿ. ವರ ಎಲ್ಲರೆ ಹುಟ್ಟಿರತಾನ." ಅದೇ ಕಡೇ ಭೆಟ್ಟಿ. ಈಗ ಅವನ ಅಂಗಡಿಯಲ್ಲಿ ಮೊಬೈಲಿನ ಕವರು ಮಾರತಾರ.

ಸವಿತಾ ಬಸವಕಲ್ಯಾಣಕ್ಕೆ ಹೋಗಿ ಐಟಿಐ ಕಲಿತು ಬಂದಾಳ. ಮನೆಯ ಮುಂದಿನ ಕೋಣೆಯಲ್ಲಿ ರಿಪೇರಿ ಅಂಗಡಿ ಹಾಕಬೇಕು ಅಂತ ಅವಳ ಹಟ. ನನ್ನ ಮಗ ಬಾಬು, ಅವಳಪ್ಪ, ಹೆಣ್ಣುಹುಡುಗಿ ಕೈಗೆ ಯಾರು ಮಶೀನ್ ಕೊಡತಾರ ಅನ್ನಾಂವ. ಕಡೆಗೆ ಮಾತಿಟ್ಟ: ಅಜ್ಜನ ಆಂಪ್ಲಿಫೈಯರ್ ಈ ಐತವಾರದೊಳಗ ಮಾತಾಡಿದರ ಕೋಣಿ ನಿನ್ನದು, ಇಲ್ಲಂದರ ಅದು ಗುಜರಿಗೆ, ನೀನು ಬ್ಯಾರೆ ಕೆಲಸಕ್ಕ.

ಐತವಾರ ಅಂದರ ಇವತ್ತೇ. ಅವಳು ಫೋನಿನಾಗ ಹುಡುಕಿ, ಕಲ್ಯಾಣದ ಪ್ಯಾಟಿಯಿಂದ ಹೊಂದುವಂಥ ಜೋಡಿ ತಂದು ಕೂಡಿಸಿದಳು. ಕರೆಂಟಿನ ತಂತಿ ನಡುವೆ ಒಂದು ಬಲ್ಬು ಕಟ್ಟಿದ್ದಳು. ಒಳಗೆ ತಪ್ಪಿದ್ದರೆ ಬಲ್ಬು ಜೋರಾಗಿ ಉರಿಯತದ, ಮಶೀನು ಉಳಿಯತದ. ಸ್ವಿಚ್ ಹಾಕಿದಳು. ಬಲ್ಬು ಧಗ್ಗಂತು. ಹುಡುಗಿಯ ಮಾರಿ ಸಣ್ಣದಾಯಿತು. ಬಾಬು ಬಾಗಿಲಾಗೇ ನಿಂತಿದ್ದ.

ನನಗ ಚಾಚಾನ ಮಾತು ನೆನಪಾಗಿ ಅಂದೆ: "ತಾಕತ್ತು ಕೂಡಿದರ ಸಾಲದವ್ವ, ಕಾಲೂ ನೋಡಬೇಕಂತಿದ್ದ ಚಾಚಾ. ಒಂದೊಂದು ಮನಿತನಕ್ಕ ಒಂದೊಂದು ನಡಿಗಿ."

ಅವಳು ಥಟ್ಟನೆ ತಿರುಗಿ ಮೀಟರ್ ಹಿಡಿದಳು. ಹೌದು, ಹಳೆಯದರ ಎಡಗಾಲಿನ ಕೆಲಸ ಹೊಸದರಲ್ಲಿ ಬಲಗಾಲಿಗಿತ್ತು. ಬಿಚ್ಚಿ, ಕಾಲು ತಿರುವಿ, ಒಂದಕ್ಕೊಂದು ತಾಗದಂಗ ಕೊಳವೆ ತೊಡಿಸಿ ಮತ್ತೆ ಬೆಸೆದಳು. ಈ ಸಲ ಬಲ್ಬು ಒಮ್ಮೆ ಮಿಣುಕಿ ಮಲಗಿತು. ಹೊರಗೆ ಕಟ್ಟಿದ ಮೈಕಿನ ಹಾರ್ನು ಗುಂಯ್ ಅಂತು. ಮೈಕು ನನ್ನ ಕೈಗೇ ಕೊಟ್ಟಳು. ಬಾಯಾಗ ಮತ್ತದೇ ಬಂತು: "ನಡೀರಿ, ಬಸ್ ತಪ್ಪತದ!" ಓಣಿಯ ನಾಯಿಯೆಲ್ಲ ಎದ್ದವು. ನನ್ನ ಕಣ್ಣಾಗ ನೀರು.

ಬಾಬು ಮುಂದಿನ ಕೋಣೆಯೊಳಗಿನ ಜೋಳದ ಚೀಲ ಎತ್ತಿ ಹಿಂದಕ್ಕೆ ಒಯ್ಯತೊಡಗಿದ.

ಸಂಜಿಗೆ ಹುಗ್ಗಿ ಮಾಡಿದೆವು. ಎಲ್ಲರೂ ಒಂದೇ ಸಾಲಿಗೆ ಉಣ್ಣಾಕ ಕುಂತಿದ್ದೆವು. ಸವಿತಾ ತುಪ್ಪ ತರಾಕ ಒಳಗೆ ಹೋದಾಗ ಬಾಬು ನನ್ನ ಕಡೆ ಬಗ್ಗಿ ಮೆಲ್ಲಗೆ ಅಂದ: "ಹುಡುಗಿ ಶಾಣ್ಯಾಕಿ ಅದಾಳಬೇ. ಅಕಿಗಿ ಹೇಳಬ್ಯಾಡ, ತಲಿಮ್ಯಾಲೆ ಕೂಡತಾಳ."

ಉಣ್ಣಾಕ ಕೂಡೋ ಮೊದಲು ಮತ್ತೊಮ್ಮೆ ಹಚ್ಚಿ ನೋಡಿ ಕಿಟಕಿಯಲ್ಲಿಟ್ಟ ಮೈಕು ಬಂದ್ ಮಾಡೋದನ್ನ ಎಲ್ಲರೂ ಮರೆತಿದ್ದೆವು. ಇಡೀ ಓಣಿಗೆ ಕೇಳಿತು. ಆಚೆ ಮನೆಯಿಂದ ಯಾರೋ, ನಾವೂ ಹೇಳೂದಿಲ್ಲ ಬಿಡೋ ಬಾಬು ಅಂದರು. ಸವಿತಾ ತುಪ್ಪದ ಗಿಂಡಿ ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟಳು. ಆಮೇಲೆ ಬಂದು, ಮೊದಲು ಅಪ್ಪನ ತಾಟಿಗೇ ಸುರುವಿದಳು, ಹುಗ್ಗಿ ಮುಳುಗುವ ಹಂಗ.