ಎತ್ತು ಬಚ್ಚಿಟ್ಟ ಊರಿನ ಮೇಷ್ಟ್ರು

ನಮ್ಮೂರಿನ ಹಿರಿಯರು ಆ ಮೇಷ್ಟ್ರನ್ನು ನೆನೆದು ‘ದೇವರಂಥ ಮನುಷ್ಯ’ ಎಂದಾಗಲೆಲ್ಲ ನನಗೆ ಮೈಯುರಿಯುತ್ತದೆ. ದೇವರಂಥವರನ್ನು ಊರು ಬಿಡಿಸಿದವರು ಇವರೇ ಅಲ್ಲವೇ? ನನ್ನ ಅಪ್ಪನೂ ಅವರಲ್ಲೊಬ್ಬ.

ನರಸೀಪುರಕ್ಕೂ ನಂಜನಗೂಡಿಗೂ ನಡುವೆ, ಕಪಿಲೆಯ ದಡದಲ್ಲಿ ನಮ್ಮ ಹಳ್ಳಿ. ಮಹಾರಾಜರ ಕಾಲ. ಹೆಣ್ಣುಮಕ್ಕಳು ಶಾಲೆಗೆ ಹೋಗುವುದೆಂದರೆ ಊರಿಗೇ ತಮಾಷೆ. ಮೇಷ್ಟ್ರು ಜಗಲಿಯಿಂದ ಜಗಲಿಗೆ ಹೋಗಿ, ಅಪ್ಪಂದಿರ ಜೊತೆ ಎಲೆಅಡಿಕೆ ಮೆದ್ದು, ನಮ್ಮನ್ನು ಬೇಡಿ ತಂದರು. ತಮ್ಮ ಮಗಳ ಪಕ್ಕದಲ್ಲೇ ನನ್ನನ್ನು ಕೂರಿಸಿದರು. ಶಾಲೆಯ ಮೂಲೆಯಲ್ಲಿ ಕಾಲು ಮುರಿದ ಮೇಕೆಮರಿಯೊಂದು ಇರುತ್ತಿತ್ತು. ಅದು ಅರಚಿದರೆ, ‘ಅದಕ್ಕೆ ಲೆಕ್ಕ ಬಂತು, ನಿಮಗಿನ್ನೂ ಬಂದಿಲ್ಲ’ ಎಂದು ರೇಗಿಸುತ್ತಿದ್ದರು.

ರಜೆ ಬಂದರೆ ಅವರು ಮನೆಯಲ್ಲಿ ನಿಂತವರಲ್ಲ. ಮುದಿ ತಾಯಿ, ಹೆಂಡತಿ, ಮಕ್ಕಳನ್ನೆಲ್ಲ ತಮ್ಮ ಎತ್ತಿನ ಗಾಡಿಗೆ ಹತ್ತಿಸಿ, ಜಾಗವಿದ್ದರೆ ನಮ್ಮನ್ನೂ ತುರುಕಿ ಹೊರಟುಬಿಡುವರು. ಸಂಗಮ, ತಲಕಾಡಿನ ಮರಳು, ನಂಜನಗೂಡಿನ ರೈಲು ಎಲ್ಲವನ್ನೂ ನಾನು ನೋಡಿದ್ದು ಆ ಗಾಡಿಯಿಂದ. ಏರು ಬಂದರೆ ತಾಯಿಯನ್ನು ಬಿಟ್ಟು ಉಳಿದವರೆಲ್ಲ ಇಳಿದು ನಡೆಯಬೇಕಿತ್ತು. ಎತ್ತಿಗೆ ಆಯಾಸವಾಗಬಾರದಲ್ಲ.

ಒಂದು ಸಲ ಶಾಲೆ ನೋಡಲು ಇನ್‌ಸ್ಪೆಕ್ಟರ್ ಬರುತ್ತಾರೆಂದು ಸುದ್ದಿ ಬಂತು. ಆಗ ಅಧಿಕಾರಿಗಳು ಹಳ್ಳಿಯಿಂದ ಹಳ್ಳಿಗೆ ಬಿಟ್ಟಿ ಗಾಡಿಯಲ್ಲಿ ಸಾಗುತ್ತಿದ್ದರು. ಬಾಡಿಗೆಯಿಲ್ಲ, ಎತ್ತು ಯಾವಾಗ ಮರಳೀತೆಂಬ ಖಾತ್ರಿಯೂ ಇಲ್ಲ. ಅದಕ್ಕೇ ಸುದ್ದಿ ಸಿಕ್ಕ ಕೂಡಲೇ ಊರಿನ ಎತ್ತುಗಳನ್ನೆಲ್ಲ ಹೊಳೆಯಾಚೆಯ ಹೊಂಗೆ ತೋಪಿಗೆ ಹೊಡೆದುಬಿಡುವುದು ರೂಢಿ. ಆ ರೂಢಿಯನ್ನು ನಾನು ತಪ್ಪೆನ್ನುವುದಿಲ್ಲ. ಆ ಸಲ ಎತ್ತು ಅಟ್ಟುವಾಗ ಮೇಷ್ಟ್ರಿಗೆ ಮಾತ್ರ ಯಾರೂ ಒಂದು ಮಾತು ಹೇಳಲಿಲ್ಲ, ಅದು ತಪ್ಪು. ಊರಿನಲ್ಲಿ ಒಂದು ಜೋಡಿಯೂ ಕಾಣದಿದ್ದರೆ ಜವಾನರು ತೋಪಿನವರೆಗೂ ಹುಡುಕಿಕೊಂಡು ಬಂದಾರು ಎಂಬ ಹೆದರಿಕೆ ಊರವರಿಗೆ.

‘ಸರ್ಕಾರದ ಮೇಷ್ಟ್ರು ಗಾಡಿ ಸರ್ಕಾರದೋರ್ಗೇ ಓಗ್ಲಿ ಬುಡು’ ಎಂದ ಅಪ್ಪ.

ಮೇಷ್ಟ್ರ ಎಡಗಡೆಯ ಎತ್ತಿಗೆ ನೊಗ ಉಜ್ಜಿ ಹೆಗಲು ಹುಣ್ಣಾಗಿತ್ತು. ದಿನಾ ಬೇವಿನೆಣ್ಣೆಗೆ ಅರಿಸಿನ ಕಲಸಿ ಹಚ್ಚುತ್ತಿದ್ದರು. ಶಾಲೆಯ ತಪಾಸಣೆ ಚೆನ್ನಾಗಿಯೇ ನಡೆಯಿತು. ನಾನು ಓದಿದ ಪಾಠಕ್ಕೆ ಇನ್‌ಸ್ಪೆಕ್ಟರು ತಲೆದೂಗಿದರು. ಹೊರಡುವ ಹೊತ್ತಿಗೆ ಗಾಡಿ ಬೇಕಾಯಿತು. ಪಟೇಲರು ನಾಚಿಕೆಯಿಲ್ಲದೆ ಮೇಷ್ಟ್ರ ಕೊಟ್ಟಿಗೆಯ ಕಡೆ ಕೈ ತೋರಿಸಿದರು. ಜವಾನ ಎತ್ತಿನ ಹಗ್ಗ ಬಿಚ್ಚುವಷ್ಟರಲ್ಲಿ ಮೇಷ್ಟ್ರು ಅಡ್ಡ ನಿಂತರು.

‘ಹುಣ್ಣಿನ ಮೇಲೆ ನೊಗ ಇಡೋಕಾಗಲ್ಲ ಸ್ವಾಮಿ. ಮುಂದಿನ ಊರಿನಲ್ಲಿ ಗಾಡಿ ಸಿಗುತ್ತೆ. ಅಲ್ಲೀತನಕ ತಮ್ಮ ಪೆಟ್ಟಿಗೆ ನಾನು ಹೊರ್ತೀನಿ.’

ಹೊತ್ತರು ಕೂಡ. ರುಮಾಲು ಬಿಚ್ಚಿ ಸಿಂಬಿ ಮಾಡಿ ತಲೆಯ ಮೇಲಿಟ್ಟು, ಅದರ ಮೇಲೆ ಪೆಟ್ಟಿಗೆ. ಹಿಂದೆ ಬೂಟುಗಾಲಿನಲ್ಲಿ ಧೂಳು ತುಳಿಯುತ್ತಾ, ಸಿಟ್ಟಿಗೆ ಕೆಂಪಗಾದ ಇನ್‌ಸ್ಪೆಕ್ಟರು. ಊರು ಬಾಗಿಲ ಸಂದಿಯಿಂದ ನೋಡಿ ಕಿಸಕ್ಕೆಂದಿತು. ಒಬ್ಬನಾದರೂ ಹೊಳೆ ದಾಟಿ ಒಂದು ಜೋಡಿ ತರಬಹುದಿತ್ತು. ತರಲಿಲ್ಲ.

ತಿಂಗಳೊಳಗೆ ಕಾಡಂಚಿನ ಯಾವುದೋ ಊರಿಗೆ ಅವರಿಗೆ ವರ್ಗವಾಯಿತು. ಅವರು ಹೊರಟ ದಿನ ನೋಡಬೇಕಿತ್ತು ನಮ್ಮೂರ ಭಕ್ತಿಯನ್ನು! ಸಾಮಾನು ಸಾಗಿಸಲು ನಾ ಮುಂದೆ ತಾ ಮುಂದೆ ಎಂದು ಗಾಡಿಗಳು ಬಂದವು. ಅಪ್ಪ ತನ್ನ ಬಿಳಿ ಜೋಡಿಯನ್ನು ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ ಹೂಡಿದ್ದ. ನನಗೆ ತಡೆಯಲಾಗಲಿಲ್ಲ.

‘ಇವು ಅವತ್ತು ಎಲ್ಲಿದ್ದೊ ಅಪ್ಪ?’ ಎಂದು ಎಲ್ಲರೆದುರೇ ಕೇಳಿದೆ.

ಅಪ್ಪ ಆಚೆ ತಿರುಗಿ ನೊಗದ ಹಗ್ಗ ಬಿಗಿಯತೊಡಗಿದ. ಮೇಷ್ಟ್ರು ಎತ್ತಿನ ಕೊರಳ ಗಂಗೆದೊಗಲು ಸವರುತ್ತಾ, ‘ಅವುಗಳ ತಪ್ಪೇನಿದೆ ಮಗು’ ಎಂದು ನನ್ನನ್ನೇ ಸಮಾಧಾನ ಮಾಡಿದರು. ಅವರ ಆ ಒಳ್ಳೆಯತನದ ಮೇಲೂ ನನಗೆ ಕೋಪ ಬಂತು, ಇವತ್ತಿಗೂ ಇದೆ.

ಹೊಸ ಮೇಷ್ಟ್ರು ಬಂದವರೇ ಹೆಣ್ಣುಮಕ್ಕಳನ್ನು ಮನೆಗೆ ಕಳಿಸಿದರು. ಊರು ತುಟಿ ಬಿಚ್ಚಲಿಲ್ಲ. ಉಳಿದ ಓದನ್ನು ನಾನು ಎಷ್ಟೋ ವರ್ಷದ ಮೇಲೆ, ಗಂಡನ ಮನೆಯಲ್ಲಿ ಕದ್ದು ಕಲಿಯಬೇಕಾಯಿತು.

ಮುಂದಿನ ಸಲ ಅಧಿಕಾರಿ ಬರುವ ಸುದ್ದಿ ಸಿಕ್ಕಾಗ, ಹೊಳೆಯಾಚೆ ಎತ್ತು ಕಾಯಲು ಅಪ್ಪ ನನ್ನನ್ನೇ ಕಳಿಸಿದ. ಶಾಲೆಯಿಲ್ಲದೆ ಮನೆಯಲ್ಲಿ ಸುಮ್ಮನೆ ಕೂತಿದ್ದೆನಲ್ಲ.