ಬೀಗರ ಪಂಕ್ತಿಯ ಗಣಪಿ

ನನಗೆ ಹಾಡಲು ಬರುವುದಿಲ್ಲ. ನಗಿಸಲಂತೂ ಮೊದಲೇ ಬರುವುದಿಲ್ಲ. ಕುಮಟೆಯ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ, ಮಕ್ಕಳು ನನ್ನನ್ನು ಕಂಡರೆ ದಾರಿ ಬಿಡುತ್ತಾರೆ. ಅಪ್ಪನ ಸಿಡುಕು ಪೂರ್ತಿ ನನಗೇ ಬಂತು. ಆಯಿಯ ನಗೆಯಲ್ಲಿ ಒಂದು ಚಮಚವಾದರೂ ಬರಬಾರದಿತ್ತೇ?

ಆಯಿ ಎಂದರೆ ನನ್ನ ಅಮ್ಮ, ಹೆಸರು ಗಣಪಿ. ಗೇರುಸೊಪ್ಪೆಯಿಂದ ಮದುವೆಯಾಗಿ ಹೊನ್ನಾವರದ ಪೇಟೆಗೆ ಬಂದವಳು. ಡಾಕ್ಟರು ಸಕ್ಕರೆ ಬಿಡಿ ಎಂದರೆ, ಬೆಲ್ಲದ ವಿಷಯ ಎತ್ತದೆ ಜಾಣತನದಿಂದ ಎದ್ದು ಬಂದಳು. ಬಸ್ಸಿನಲ್ಲಿ ಕಂಡಕ್ಟರ್ ಅವಳ ಆಧಾರ್ ಕಾರ್ಡನ್ನೂ ಮುಖವನ್ನೂ ತಿರುಗಿಸಿ ತಿರುಗಿಸಿ ನೋಡಿದಾಗ, "ರಾಶಿ ಹೊತ್ತು ನೋಡಡ ತಮಾ, ಆ ಫೋಟೋ ನೋಡಿ ಯಂಗೇ ಹೆದರಿಕೆ ಆಗಿತ್ತು" ಎಂದಳು. ಇಡೀ ಬಸ್ಸು ನಕ್ಕಿತು. ನಾನು ಮಾತ್ರ ಮುಖ ಗಂಟಿಕ್ಕಿ ಕಿಟಕಿಯಾಚೆ ನೋಡುತ್ತಿದ್ದೆ.

ಅವಳ ನಿಜವಾದ ಮೆರೆದಾಟ ಮದುವೆ ಮನೆಗಳಲ್ಲಿ. ಬೀಗರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಹಾಡಿನಲ್ಲೇ ಗೇಲಿ ಮಾಡುವುದು ನಮ್ಮಲ್ಲಿನ ಪದ್ಧತಿ. ಗಂಡಿನ ಕಡೆಯವರೂ ಹಾಡಿನಲ್ಲೇ ಉತ್ತರ ಕೊಡಬೇಕು, ಕೊಡದಿದ್ದರೆ ಸೋತಂತೆ. ಆಯಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು, ಬೀಗರನ್ನು ಒಮ್ಮೆ ಕಣ್ಣಳತೆ ಮಾಡಿ, ಅಲ್ಲೇ ಹಾಡು ಕಟ್ಟುತ್ತಿದ್ದಳು. ಹಾಡಿ ಗೋಳು ಹೊಯ್ದುಕೊಂಡ ಬೀಗರಿಗೇ ಆಮೇಲೆ ಒತ್ತಾಯ ಮಾಡಿ ಹೋಳಿಗೆ ಬಡಿಸುವಳು. ಪಾತ್ರೆ ತೊಳೆಯಲು ಬಂದ ತಿಮ್ಮಿಯನ್ನೂ ಕೂರಿಸಿ ಬಡಿಸದೆ ತಾನು ಎಲೆ ಮುಂದೆ ಕೂತವಳಲ್ಲ.

ನನ್ನ ಮಗಳು ಅರ್ಚಿತಾಳ ನಿಶ್ಚಿತಾರ್ಥದಲ್ಲಿ ಆಯಿಗೆ ಸರಿಯಾದ ಜೋಡಿ ಸಿಕ್ಕಿತು. ಹುಡುಗ ಅನೂಪನ ಅಜ್ಜಿ ಮಿರ್ಜಾನದವರು, ಹಳೆಯ ಹಾಡುಗಾರ್ತಿ. "ಮದುವೆ ದಿನ ನಿಂಗೆ ಉತ್ತರ ಕೊಡ್ತೆ, ನೋಡ್ತಾ ಇರು" ಎಂದರು ಅವರು. ಆಯಿ ಬಿಡುವಳೇ? "ಹಾಂಗಾರೆ ಈಗಿಂದ್ಲೇ ಕಷಾಯ ಕುಡ್ಯಲೆ ಸುರು ಮಾಡಿ, ಗಂಟಲು ಕೈ ಕೊಡ್ಲಾಗ" ಎಂದಳು.

ಮಾಘದ ಒಂದು ಬೆಳಿಗ್ಗೆ ಆಯಿ ದೋಸೆ ಹಿಟ್ಟಿಗೆ ಉಪ್ಪು ಹಾಕಿಟ್ಟು, "ಸ್ವಲ್ಪ ಒರಗ್ತೆ" ಎಂದು ಹೋಗಿ ಮಲಗಿದಳು. ಏಳಲಿಲ್ಲ.

ಮದುವೆ ಹತ್ತಿರ ಬಂತು. ಅರ್ಚಿತಾ ಒಂದೇ ಹಟ ಹಿಡಿದಳು.

"ಅಮ್ಮ, ಅಜ್ಜಿ ಹಾಡು ಇಲ್ದೇ ಎಂತಾ ಮದುವೆ? ನೀನಾದ್ರೂ ಹಾಡು."

"ಯಂಗೆ ಹಾಡಲೆ ಬತ್ತಿಲ್ಲೆ ಮಾರಾಯ್ತಿ, ತಲೆ ತಿನ್ನಡ" ಎಂದು ರೇಗಿದೆ. ಆದರೆ ಅವಳಿಗಿಂತ ನನಗೇ ಆ ಹಾಡು ಬೇಕಾಗಿತ್ತು. ಆಯಿಯ ದನಿಯಿಲ್ಲದ ಪಂಕ್ತಿಯಲ್ಲಿ ಮಗಳ ಮದುವೆಯ ಊಟ ಬಡಿಸುವುದಾದರೂ ಹೇಗೆ?

ದಾರಿ ತೋರಿಸಿದವನು ತಮ್ಮ ಸುಜಯ. ನೆಂಟರ ಹುಡುಗಿ ದೀಕ್ಷಾಳ ಮದುವೆಯಲ್ಲಿ ಆಯಿ ಹಾಡಿದ್ದು ಅವನ ಮೊಬೈಲಿನಲ್ಲಿತ್ತು. ಅದನ್ನೇ ಮೈಕಿಗೆ ಹಚ್ಚುವುದೆಂದು ಮಾತಾಯಿತು. ಮೊದಲು ಒಮ್ಮೆ ಕೇಳಿ ನೋಡೋಣ ಎಂದು ಅವನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಹೊನ್ನಾವರದ ಕಲ್ಯಾಣ ಮಂಟಪದಲ್ಲಿ ಬೀಗರು ಎಲೆ ಮುಂದೆ ಕೂತರು. ಸುಜಯ ಮೊಬೈಲ್ ಒತ್ತಿದ. ಆಯಿಯ ದನಿ ಬಂತು, ಆ ಸ್ವಲ್ಪ ಒಡಕು ದನಿ. ಕೈಯಲ್ಲಿದ್ದ ತುಪ್ಪದ ಗಿಂಡಿಯನ್ನು ಪಕ್ಕಕ್ಕಿಟ್ಟೆ.

"ವಿಘ್ನೇಶ್ವರ ಭಾವನ ಹೊಟ್ಟೆಯ ನೋಡಿರೆ,
ಹಂಡೆ ಹೂರಣವೂ ಸಾಲದು ಕೇಳಿರೆ,
ಎಲೆಯನೂ ತಿಂದಾನು, ಕಾವಲು ಕಾಯಿರೆ!"

ಅಯ್ಯೋ ದೇವರೇ! ವಿಘ್ನೇಶ್ವರ ಭಾವ ದೀಕ್ಷಾಳ ಗಂಡನ ಅಪ್ಪ. ನಮ್ಮ ಬೀಗರು ಅನೂಪನ ಅಪ್ಪ ರಾಜೀವರು, ಕಡ್ಡಿಯಂಥ ಮನುಷ್ಯ. ಪಾಪ, ಅವರು ಬಗ್ಗಿ ತಮ್ಮ ಹೊಟ್ಟೆಯನ್ನೇ ನೋಡಿಕೊಂಡರು. ಯಾರೂ ನಗಲಿಲ್ಲ. ಬೇರೆಯವರ ಬೀಗರಿಗೆ ಕಟ್ಟಿದ ಹಾಡನ್ನು ಇವರ ತಲೆಗೆ ಕಟ್ಟಿದ್ದೆವು. ನನ್ನ ಆಯಿ, ಯಾವ ಪಂಕ್ತಿಯಲ್ಲೂ ಸೋಲದವಳು, ಮೊಮ್ಮಗಳ ಮದುವೆಯಲ್ಲೇ ಹೀಗೆ ಸೋಲಬೇಕೇ ಎನಿಸಿತು. ನಿಲ್ಲಿಸು ಎಂದು ಸುಜಯನಿಗೆ ಸನ್ನೆ ಮಾಡುವಷ್ಟರಲ್ಲಿ ಮೊಬೈಲಿನಿಂದ ಆಯಿಯೇ ಗದರಿದಳು: "ಎಂತದು ಬೀಗರೆ, ನಿಂಗಕ್ಕೆ ಬಾಯಿ ಇಲ್ಯ?"

ಅಲ್ಲಿಗೆ ರೆಕಾರ್ಡು ಮುಗಿಯಿತು.

ಮಿರ್ಜಾನದ ಅಜ್ಜಿ ಕೈಲಿದ್ದ ತುತ್ತನ್ನು ಎಲೆಗೆ ಇಳಿಸಿದರು. ಮೈಕಿನ ಡಬ್ಬಿಯತ್ತ ತಿರುಗಿ, ಆಯಿ ಅಲ್ಲೇ ನಿಂತಿದ್ದಾಳೆ ಎಂಬಂತೆ, ರಾಗ ಎಳೆದರು.

"ಬೀಗರು ಬಂದರೂ ಎದ್ದು ಬಾರದ
ಗರ್ವವೇನೆ ಗಣಪಿ, ಬಿಂಕವೇನೆ?
ಮುಖ ತೋರದೆ ಒಳಗಿಂದ ಹಾಡುವೆಯೇನೆ?"

ಅಜ್ಜಿಯ ಕಣ್ಣು ತುಂಬಿತ್ತು, ಆದರೂ ಅವರು ಕಾಯುತ್ತಿದ್ದರು. ಪದ್ಧತಿ ಪದ್ಧತಿಯೇ, ಉತ್ತರ ನಮ್ಮ ಕಡೆಯಿಂದ ಬರಬೇಕು. ಮದುಮಗಳು ನನ್ನನ್ನೇ ನೋಡುತ್ತಿದ್ದಳು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು, ಅಷ್ಟು ಬೇಗ ಮಲಗಿಬಿಟ್ಟ ಆಯಿಯ ಮೇಲೆ ಎಲ್ಲರಿಗಿಂತ ಹೆಚ್ಚು. ಆ ಸಿಟ್ಟಿನಲ್ಲೇ ಬಾಯಿ ತೆರೆದೆ. ರಾಗ ಎಲ್ಲಿಂದೆಲ್ಲಿಗೋ ಹೋಯಿತು.

"ಎಬ್ಬಿಸಬೇಡಿ ಬೀಗಿತ್ತಿ, ಈಗಷ್ಟೇ ಮಲಗಿದಾಳೆ,
ಬಡಿಸಿ ಬಡಿಸಿ ಕೈಸೋತು ಮಲಗಿದಾಳೆ,
ಮೊದಲು ನಿಮ್ಮೆಲೆ ಮುಗಿಸಿ, ಆಮೇಲೆ ಜಗಳಕೆ ಬನ್ನಿ!"

ಮೊದಲು ನಕ್ಕವರು ಅಜ್ಜಿಯೇ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಸೋತೆ ಮಾರಾಯ್ತಿ, ಗಣಪಿ ಮಗಳಪ್ಪಾ ಇದು!" ಎಂದರು. ಆಮೇಲೆ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ರಾಜೀವರು ಇನ್ನೊಂದು ಹೋಳಿಗೆ ಕೇಳಿದರು. ಹುಟ್ಟಿದಂದಿನಿಂದ ಮೊದಲ ಸಲ ನನ್ನ ಮಾತಿಗೆ ಜನ ನಗುತ್ತಿದ್ದರು.

ನಾನು ಅಡುಗೆಮನೆಯ ಬಾಗಿಲ ಕಡೆ ತಿರುಗಿದೆ, ಆಯಿ ನಕ್ಕಳೋ ಇಲ್ಲವೋ ನೋಡಲು.