ಆಯುಧಪೂಜೆಗೆ ಕೂತ ರೇಡಿಯೋ ಡಬ್ಬಿಗಳು

ನಮ್ಮ ದೊಡ್ಡಪ್ಪನಿಗೆ ಫೋನಿನ ಮೇಲೆ ನಂಬಿಕೆ ಇಲ್ಲ. ಅಗರದ ಪಡಸಾಲೆಯಲ್ಲಿ ಕೂತು ಹನೂರಿನ ಬೀಗರ ಜೊತೆ ಮಾತಾಡುವಾಗ, ಫೋನು ಕೈಕೊಟ್ಟರೂ ಮಾತು ತಲುಪಲಿ ಎನ್ನುವಷ್ಟು ಜೋರಾಗಿ ಕೂಗುತ್ತಾರೆ. ಅದೇ ಹೊತ್ತಿಗೆ ಕೊಳ್ಳೇಗಾಲದಿಂದ ನನ್ನ ಅವ್ವನ ಫೋನ್ ಬಂತೆಂದರೆ ದೊಡ್ಡವ್ವ ಒಂದು ಕಿವಿ ಮುಚ್ಚಿಕೊಂಡು ಕೊಟ್ಟಿಗೆಗೆ ಓಡುತ್ತಾಳೆ. ತಂಗಿಯ ಕಷ್ಟಸುಖ ಕೇಳುವುದಕ್ಕೆ ಅವಳು ಎಮ್ಮೆಗಳ ನಡುವೆ ನಿಲ್ಲಬೇಕು.

ನಾನು ಪಿಎಚ್‌ಡಿ ಮಾಡುತ್ತಿರುವುದು ಹೆಚ್ಚುಕಡಿಮೆ ಇದರ ಮೇಲೆಯೇ. ಫುಲ್ ಡುಪ್ಲೆಕ್ಸ್ ಎನ್ನುವ ಬಗೆಯಲ್ಲಿ ಟವರು ಮಾತಾಡುವುದೂ ಕೇಳಿಸಿಕೊಳ್ಳುವುದೂ ಒಂದೇ ಅಲೆಯಲ್ಲಿ, ಒಂದೇ ಗಳಿಗೆಯಲ್ಲಿ ನಡೆಯಬೇಕು. ತೊಂದರೆ ಏನೆಂದರೆ, ಟವರಿನ ಕಡೆ ಕೂಗುವ ಫೋನು, ಪಕ್ಕದಲ್ಲಿ ಟವರಿನ ಮಾತು ಕೇಳಲು ಕೂತ ಫೋನಿನ ಕಿವಿ ಕಿವುಡು ಮಾಡಿಬಿಡುತ್ತದೆ. ಕೂಗುವ ಫೋನಿಗೆ, ಟವರಿಗೆ ಕೇಳಿಸುವಷ್ಟು ಮಾತ್ರ ಮಾತಾಡಪ್ಪ ಎಂದು ಬುದ್ಧಿ ಹೇಳುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ದೊಡ್ಡಪ್ಪನಿಗೆ ಹೇಳಲಾಗದ್ದನ್ನು, ಪ್ರಯೋಗಕ್ಕೆಂದು ಫೋನು ಟವರುಗಳ ಬದಲಿಗೆ ಇಟ್ಟುಕೊಂಡ ರೇಡಿಯೋ ಡಬ್ಬಿಗಳಿಗೆ ಹೇಳುತ್ತಿದ್ದೆ.

ಎರಡು ಸಲ ಗೈಡ್ ಮುಂದೆ ಕೆಟ್ಟ ಗ್ರಾಫ್ ಇಟ್ಟು ಬೈಸಿಕೊಂಡಾಗಿತ್ತು. ಈ ಸಲವೂ ಕೆಟ್ಟರೆ ವಿಷಯವನ್ನೇ ಬದಲಿಸೋಣ ಎಂದಿದ್ದರು. ಹಾಗೆಂದರೆ ಅಷ್ಟು ವರ್ಷದ ಕೆಲಸವೆಲ್ಲ ನೀರುಪಾಲು. ಕಾಲೇಜಿನ ಸುತ್ತ ಸಿಗ್ನಲ್‌ಗಳ ಸಂತೆಯೆಂದು ಅಗರಕ್ಕೆ ಬಂದು, ಟವರಿನ ಪಾತ್ರದ ಡಬ್ಬಿಯನ್ನು ತಾರಸಿ ಮೇಲೆ, ಕೂಗುವ ಡಬ್ಬಿಯನ್ನು ಹೊಲದ ಪಂಪ್‌ಸೆಟ್ ಮನೆಯಲ್ಲಿ, ಕೇಳುವ ಡಬ್ಬಿಯನ್ನು ಕೊಟ್ಟಿಗೆಯಲ್ಲಿ ಇಟ್ಟೆ. ದೂರ ಇದ್ದಷ್ಟೂ ಗ್ರಾಫ್ ಚೆನ್ನ. ಸಂಜೆ ಗೈಡ್ ವಿಡಿಯೋ ಕಾಲ್ ಮಾಡುವವರಿದ್ದರು. ರಜೆಯ ದಿನವೂ ಬಿಡದ ಮನುಷ್ಯ. ಅವತ್ತು ಆಯುಧಪೂಜೆ ಎಂಬುದು ನನಗೂ ಗೊತ್ತಿತ್ತು, ರಜೆ ಎಂಬ ಅರ್ಥದಲ್ಲಿ ಮಾತ್ರ.

ಊಟದವರೆಗೂ ಲ್ಯಾಪ್‌ಟಾಪಿನಲ್ಲಿ ಗಲಾಟೆ ತೋರಿಸುವ ಗೆರೆ ತೆಪ್ಪಗೆ ಮಲಗಿತ್ತು. ಉಂಡು ಬಂದು ನೋಡಿದರೆ ಎದ್ದು ಕುಣಿಯುತ್ತಿದೆ. ಕೇಳುವ ಡಬ್ಬಿಗೆ ಕೂಗುವ ಡಬ್ಬಿಯ ಗಲಾಟೆ ಬಿಟ್ಟು ಬೇರೇನೂ ಕೇಳುತ್ತಿಲ್ಲ. ತಾರಸಿ ಡಬ್ಬಿಯ ವೈರು ಬಿಚ್ಚಿ ಕಟ್ಟಿದೆ, ಆಂಟೆನಾ ಒರೆಸಿದೆ. ಕೊನೆಗೆ ಪಂಪ್‌ಸೆಟ್ ಮನೆಗೆ ಓಡಿದರೆ ಡಬ್ಬಿಯೇ ಇಲ್ಲ. ಕೊಟ್ಟಿಗೆಯಲ್ಲೂ ಇಲ್ಲ.

ಅಂಗಳದಲ್ಲಿ ಟ್ರ್ಯಾಕ್ಟರ್ ಬಾಳೆಕಂದು ಕಟ್ಟಿಸಿಕೊಂಡು ನಿಂತಿತ್ತು. ಅದರ ಮುಂದೆ ಕುಡುಗೋಲು, ಮಚ್ಚು, ಔಷಧಿ ಹೊಡೆಯುವ ಪಂಪು, ಮಿಕ್ಸಿ. ಮಿಕ್ಸಿಯ ಪಕ್ಕದಲ್ಲಿ ನನ್ನ ಎರಡೂ ಡಬ್ಬಿಗಳು, ಮೈಗೆ ಮೈ ತಾಗಿಸಿಕೊಂಡು, ಹಣೆಗೆ ಮೂರು ಪಟ್ಟೆ ವಿಭೂತಿ ಬಳಿಸಿಕೊಂಡು, ಆಂಟೆನಾಕ್ಕೆ ಸೇವಂತಿಗೆ ಮುಡಿದು ಕೂತಿದ್ದವು. ಬ್ಯಾಟರಿಯವಾದ್ದರಿಂದ ಕೆಲಸ ನಿಲ್ಲಿಸಿರಲಿಲ್ಲ.

“ಒಂದ್ನ ಒಲ್ದಲ್ಲಿ, ಒಂದ್ನ ಕ್ವಟ್ಟಿಗೇಲಿ ಬುಟ್ಬುಟ್ಟಿದ್ದಲ್ಲ ಮಗ. ನಿನ್ ಆಯುದಕ್ಕೂ ಪೂಜೆ ಆಗ್ಬ್ಯಾಡ್ವಾ?” ಅಂದಳು ದೊಡ್ಡವ್ವ. “ನೀನು ಪಾಸಾಗ್ಲಿ ಅಂತ ಬೇಡ್ಕಂಡಿವ್ನಿ.”

“ಅವು ದೂರ ದೂರ ಇರ್ಬೇಕು ದೊಡ್ಡವ್ವ. ತಕಂಡು ಓಯ್ತೀನಿ.”

“ಮುಟ್ಬ್ಯಾಡ. ಪೂಜೆಗೆ ಕೂತದ್ನ ನಾಳೆ ಕದಲಿಸೋಗಂಟ ಎತ್ತಂಗಿಲ್ಲ.”

“ಹಂಗಾದ್ರೆ ದೊಡ್ಡಪ್ಪನ ಫೋನ್ ಯಾಕೆ ಇಟ್ಟಿಲ್ಲ?”

“ಅದು ಆಯುದ ಅಲ್ಲ ಕಣವ್ವ, ಅವರ ಬಾಯಿ.”

ನನಗೆ ಅಳು ಬಂತು. ನನಗಾಗಿ ಬೇಡಿಕೊಂಡವಳ ಮೇಲೆ ರೇಗುವುದು ಹೇಗೆ? ರೇಗಲಾಗಲಿಲ್ಲವೆಂದೇ ಇನ್ನಷ್ಟು ಸಿಟ್ಟು ಬಂತು. ಮೂಗು ಒರೆಸಿಕೊಂಡು ತಾರಸಿ ಹತ್ತಿದೆ. ಇದಕ್ಕಿಂತ ಮೆಲ್ಲಗೆ ಮಾತಾಡಬೇಡ ಎಂದು ಕೂಗುವ ಡಬ್ಬಿಗೆ ನಾನೇ ಒಂದು ಮಿತಿ ಹಾಕಿದ್ದೆ, ಹೊಲದಿಂದ ತಾರಸಿಗೆ ಕೇಳಿಸದೆ ಹೋದೀತೆಂಬ ಭಯಕ್ಕೆ. ಈಗ ಅದು ತಾರಸಿಯ ಬುಡದಲ್ಲೇ ಕೂತಿದೆಯಲ್ಲ. ಹಾಳಾಗಿ ಹೋಗಲಿ ಎಂದು ಮಿತಿ ಅಳಿಸಿದೆ. ಡಬ್ಬಿ ದನಿ ತಗ್ಗಿಸಿತು, ಇನ್ನೂ ತಗ್ಗಿಸಿ ಪಿಸುಗುಟ್ಟಿತು. ತಾರಸಿಗೆ ಅಷ್ಟೇ ಸಾಕಾಯಿತು. ಪಕ್ಕದ ಡಬ್ಬಿಯ ಕಿವಿಯೂ ಉಳಿಯಿತು. ಗೆರೆ ಇಳಿದು ಮತ್ತೆ ಮಲಗಿತು. ನಾನು ಒಬ್ಬಳೇ ಕುಣಿದೆ. ಎದುರು ಮನೆಯವರು ನೋಡಿ ಒಳಗೆ ಹೋದರು.

ಗೈಡ್ ಗ್ರಾಫ್ ನೋಡಿ, ಡಬ್ಬಿಗಳು ಎಲ್ಲಿವೆ ತೋರಿಸಿ ಎಂದರು. ಫೋನ್ ಹಿಡಿದು ಅಂಗಳಕ್ಕೆ ಇಳಿದೆ. ವಿಭೂತಿ, ಮಿಕ್ಸಿ, ಟ್ರ್ಯಾಕ್ಟರ್ ಎಲ್ಲವನ್ನೂ ಅವರು ಬಹಳ ಹೊತ್ತು ನೋಡಿದರು.

“ಇಷ್ಟು ಹತ್ತಿರ ಇಟ್ಟೂ ಇಷ್ಟು ಕಡಿಮೆ ಗಲಾಟೆಯಾ? ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲವಲ್ಲಮ್ಮ. ಹೀಗಿಡಬೇಕು ಅಂತ ನಿಮಗೆ ಹೊಳೆದದ್ದು ಹೇಗೆ?”

“ನಮ್ಮ ದೊಡ್ಡಮ್ಮ ಇಟ್ಟದ್ದು ಸಾರ್.”

“ವಿಷಯ ಬದಲಿಸೋದು ಬೇಡ. ಆದರೆ ಒಂದು ದಿನದ ಗ್ರಾಫ್ ಯಾರೂ ಒಪ್ಪಲ್ಲ. ಸುತ್ತ ಇರೋ ಕಬ್ಬಿಣವೂ ಲೆಕ್ಕಕ್ಕೆ ಬರುತ್ತೆ. ಒಂದು ವಾರ ಏನೂ ಕದಲಬಾರದು.”

ದೊಡ್ಡವ್ವ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದಳು. ಮಾರನೆಯ ದಿನ ಅವಳು ಕದಲಿಸಲಿಲ್ಲ. ಹೊಸ ಹೂವು ಇಟ್ಟಳು. ಅಂಗಳದ ಟ್ರ್ಯಾಕ್ಟರೂ ಕದಲುವಂತಿಲ್ಲವೆಂದು ದೊಡ್ಡಪ್ಪ ಗೊಣಗುತ್ತ ಯಳಂದೂರಿನಿಂದ ಬಾಡಿಗೆ ಟ್ರ್ಯಾಕ್ಟರ್ ತರಿಸಿದರು. ಮೂರನೆಯ ದಿನ ಗೈಡ್, ಸಾಕು, ಬರೆಯೋಕೆ ಶುರು ಮಾಡಿ ಎಂದರು. ನಾನೂ ದೊಡ್ಡಪ್ಪನೂ ಓಡಿಬಂದು ಹೇಳಿದೆವು.

“ವಾರ ಅಂದವ್ರಲ್ಲ ನಿಮ್ ಮೇಷ್ಟ್ರು,” ಅಂದಳು ದೊಡ್ಡವ್ವ, ಸೇವಂತಿಗೆ ಸರಿಪಡಿಸುತ್ತ. “ನಂಗಂತೂ ಯಾರೂ ಓದಿಸ್ನಿಲ್ಲ. ಮಗೀನ್ ಓದ್ನ ಅರ್ದಕ್ಕೆ ಎತ್ತಾಕ್ ಬುಡಾಕಿಲ್ಲ ನಾನು.”

ದೊಡ್ಡಪ್ಪ ನನ್ನ ಮುಖ ನೋಡಿದರು. ಆಮೇಲೆ ಫೋನ್ ತೆಗೆದು, ಬಾಡಿಗೆ ಟ್ರ್ಯಾಕ್ಟರ್ ಇನ್ನೂ ನಾಲ್ಕು ದಿನ ಬೇಕು ಎಂದು ಯಳಂದೂರಿಗೆ ಹೇಳಿದರು, ಮೆಲ್ಲಗೆ.